ಕೊಳ ಕಾಯುವವರು

ಮುಂಬಯಿಯಲ್ಲಿ ಮನೆಯಂಗಳದಲ್ಲೇ ಈಜುಕೊಳ ಇಟ್ಟುಕೊಂಡವರನ್ನು ನಾನು ಕಂಡಿಲ್ಲ. ಅಂಗಳವೇ ಅಪರೂಪವಾದ ಊರಿದು. ಆದರೆ ಮುಲುಂಡ್, ಕಾಂದಿವಲಿ, ಠಾಣೆಯ ಘೋಡಬಂದರ್ ರಸ್ತೆಯ ಕಡೆ ಎದ್ದಿರುವ ಹೊಸ ಸೊಸೈಟಿಗಳಲ್ಲಿ ನೀಲಿ ಟೈಲ್ಸ್‌ನ ಕೊಳವೊಂದು ಸಾಮಾನ್ಯವಾಗಿ ಇದ್ದೇ ಇರುತ್ತದೆ. ತಿಂಗಳ ಮೆಂಟೆನೆನ್ಸ್ ಕಟ್ಟುವ ಎಲ್ಲರಿಗೂ ಅದು ‘ನಮ್ಮ ಪೂಲ್’. ಅದರ ನೀರು ದಿನಾ ತಿಳಿಯಾಗಿರುವುದು ಹೇಗೆ ಎಂದು ಕೇಳುವವರು ಮಾತ್ರ ಕಡಿಮೆ.

ಮುಲುಂಡಿನ ನಮ್ಮ ಸೊಸೈಟಿಯಲ್ಲಿ ಅದನ್ನು ಬಲ್ಲವರು ವಿಜಯಪುರ ಜಿಲ್ಲೆಯ ಇಂಡಿ ಕಡೆಯಿಂದ ಬಂದ ಒಬ್ಬರು. ನಸುಕಿನಲ್ಲೇ ಬಂದು ಉದ್ದ ಕೋಲಿನ ಬಲೆಯಿಂದ ಎಲೆ, ಸತ್ತ ಹುಳ ಎತ್ತುತ್ತಾರೆ. ಆಮೇಲೆ ನೀರಿನಂಚಿನ ಟೈಲ್ಸ್ ಸಾಲನ್ನು ಉಜ್ಜುತ್ತಾರೆ. ನಮ್ಮ ಮೈಯೆಣ್ಣೆ, ನಾವು ಬಳಿದುಕೊಂಡ ಕ್ರೀಮು ಎಲ್ಲ ಜಿಡ್ಡಾಗಿ ಕೂರುವುದು ಅಲ್ಲೇ. ತಳದ ದೂಳನ್ನು ವ್ಯಾಕ್ಯೂಮ್ ಪೈಪಿನಿಂದ ಎಳೆಯುವಾಗ ಅವರನ್ನು ನೋಡಬೇಕು. ಅವಸರ ಮಾಡಿದರೆ ದೂಳೆದ್ದು ಕೊಳವೆಲ್ಲ ಕದಡುತ್ತದೆ. ಹೊಲದಲ್ಲಿ ಕುಂಟೆ ಹೊಡೆಯುವವರಂತೆ ಸಾಲು ಬಿಡದೆ, ಒಂದೇ ಹದದಲ್ಲಿ ಸಾಗುತ್ತಾರೆ.

ಕೊನೆಗೆ ಪರೀಕ್ಷೆ. ಪುಟ್ಟ ಡಬ್ಬಿಯ ಎರಡು ನಳಿಕೆಗಳಲ್ಲಿ ನೀರು ತುಂಬಿ ಒಂದೊಂದರಲ್ಲೂ ಒಂದೊಂದು ದ್ರಾವಣದ ಹನಿ ಬಿಡುತ್ತಾರೆ. ಒಂದರ ಹಳದಿ ಕ್ಲೋರಿನ್ ಎಷ್ಟಿದೆ ಎಂದು ಹೇಳಿದರೆ, ಇನ್ನೊಂದರ ಕೆಂಪು ನೀರಿನ ಪಿಎಚ್ ತಿಳಿಸುತ್ತದೆ. ಲೀಟರಿಗೆ 1ರಿಂದ 3 ಮಿಲಿಗ್ರಾಂ ಕ್ಲೋರಿನ್, 7.2ರಿಂದ 7.8ರೊಳಗೆ ಪಿಎಚ್ ಇರಬೇಕು. ಪಿಎಚ್ ಅದಕ್ಕಿಂತ ಏರಿದರೆ ಎಷ್ಟು ಕ್ಲೋರಿನ್ ಸುರಿದರೂ ಅದರ ಕಸುವು ಕುಗ್ಗುತ್ತದೆ. ಬಿಸಿಲಿಗೂ ಅದು ಬೇಗ ಹಾರಿಹೋಗುತ್ತದೆ. ಹಾಗಾಗಿ ಮದ್ದು ಹಾಕುವುದು ಸಂಜೆ, ಎಲ್ಲರೂ ಎದ್ದುಹೋದ ಮೇಲೆ.

ಒಮ್ಮೆ ಕೊಳದ ಸುತ್ತ ಮೂಗಿಗೆ ಬಡಿಯುವ ವಾಸನೆ ಇತ್ತು. ಮಕ್ಕಳ ಕಣ್ಣು ಕೆಂಪಾಗಿದ್ದವು. ಕ್ಲೋರಿನ್ ಅತಿಯಾಯಿತೆಂದು ಅಮ್ಮಂದಿರು ಸೆಕ್ರೆಟರಿಗೆ ದೂರು ಕೊಟ್ಟರು. ನಾನು ಕೊಳ ನೋಡಿಕೊಳ್ಳುವವರನ್ನೇ ಕೇಳಿದೆ. “ವಾಸನಿ ಬರಾಕತ್ತಿತಂದ್ರ ಔಷಧ ಜಾಸ್ತಿ ಆಗಿಲ್ರೀ ಅಕ್ಕಾರ, ಹೊಲಸಿಗೆ ಸಾಲವಲ್ದು” ಅಂದರು. ರಸಾಯನಶಾಸ್ತ್ರ ಹೇಳುವುದೂ ಅದನ್ನೇ. ಬೆವರು, ಮೂತ್ರದಲ್ಲಿರುವ ಸಾರಜನಕದ ಅಂಶಗಳ ಜೊತೆ ಕ್ಲೋರಿನ್ ಸೇರಿ ಕ್ಲೋರಮೈನ್ ಆಗುತ್ತದೆ. ಕಣ್ಣು ಉರಿಸುವುದೂ ಮೂಗಿಗೆ ಬಡಿಯುವುದೂ ಅದೇ. ಅದನ್ನು ಒಡೆಯಲು ಕೊಳ ಮುಚ್ಚಿ, ಒಮ್ಮೆಲೇ ಹೆಚ್ಚು ಕ್ಲೋರಿನ್ ಕೊಡಬೇಕು. ಬರದಂತೆ ತಡೆಯಲು ಮಾತ್ರ ಸೋಪು ಹಚ್ಚಿ ಸ್ನಾನ ಮಾಡಿ ನೀರಿಗಿಳಿದರೆ ಬಹುಪಾಲು ಸಾಕು. ಷವರ್ ಕೊಳದ ಪಕ್ಕದಲ್ಲೇ ಇದೆ. ಅದನ್ನು ದಾಟಿ ನೇರವಾಗಿ ಧುಮುಕುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ನೀರು ಕೆಟ್ಟರೆ ಚೆಲ್ಲಿ ಹೊಸದು ತುಂಬಿಸಿ ಎನ್ನುವವರು ಸಭೆಯಲ್ಲಿ ಇದ್ದೇ ಇರುತ್ತಾರೆ. 20 ಮೀಟರ್ ಉದ್ದ, 10 ಮೀಟರ್ ಅಗಲ, 1.2 ಮೀಟರ್ ಆಳದ ಕೊಳಕ್ಕೆ 2 ಲಕ್ಷ 40 ಸಾವಿರ ಲೀಟರ್ ನೀರು ಬೇಕು. ಎಂದರೆ 10 ಸಾವಿರ ಲೀಟರಿನ 24 ಟ್ಯಾಂಕರ್. ಜೂನ್ ಹತ್ತಿರವಾದಂತೆ ಊರಿಗೆ ನೀರುಣಿಸುವ ತಾನ್ಸಾ, ಭಾತ್ಸಾ, ವೈತರಣಾ ಜಲಾಶಯಗಳ ನೀರಿನ ಮಟ್ಟವನ್ನು ಪತ್ರಿಕೆಗಳು ಅಚ್ಚು ಹಾಕುತ್ತಿರುವಾಗ ಅಷ್ಟು ನೀರನ್ನು ಗಟಾರಕ್ಕೆ ಬಿಡಬೇಕೆನ್ನುವುದನ್ನು ನಾನು ಒಪ್ಪಲಾರೆ. ಇರುವ ನೀರನ್ನೇ ಪಂಪು ಮರಳಿನ ಫಿಲ್ಟರಿಗೆ ತಳ್ಳುತ್ತಿರಬೇಕು. ಕಸ ಕಟ್ಟಿ ಗೇಜಿನ ಮುಳ್ಳು ಏರಿದಾಗ ನೀರನ್ನು ಹಿಮ್ಮುಖವಾಗಿ ಹರಿಸಿ ಮರಳು ತೊಳೆಯಬೇಕು.

ಮಳೆಗಾಲದಲ್ಲಿ ಕೊಳಕ್ಕೆ ಬೀಗ ಬೀಳುತ್ತದೆ, ಕೆಲಸಕ್ಕೆ ಬಿಡುವಿಲ್ಲ. ಮಳೆನೀರು ಕ್ಲೋರಿನ್ನನ್ನು ತೆಳುವಾಗಿಸುತ್ತದೆ, ಪಾಚಿ ಕಟ್ಟತೊಡಗುತ್ತದೆ. ಯಾರೂ ಈಜುತ್ತಿಲ್ಲವೆಂದು ಪಂಪು ನಿಲ್ಲಿಸಿಬಿಟ್ಟರೆ ಸೊಳ್ಳೆ. ಈ ನಗರದಲ್ಲಿ ಮಲೇರಿಯಾ ಹರಡುವ ಅನಾಫಿಲಿಸ್ ಸ್ಟೀಫೆನ್ಸೈ ಸೊಳ್ಳೆ ಕೊಳಚೆಗಿಂತ ಬಾವಿ, ತಾರಸಿ ಟಾಕಿಗಳ ತಿಳಿನೀರನ್ನೇ ಹುಡುಕಿಕೊಂಡು ಬಂದು ಮೊಟ್ಟೆಯಿಡುತ್ತದೆ. 1911ರಲ್ಲಿ ಚಾರ್ಲ್ಸ್ ಬೆಂಟ್ಲಿ ಮುಂಬಯಿಯ ಮಲೇರಿಯಾ ಕುರಿತು ಕೊಟ್ಟ ವರದಿ ಬಾವಿಗಳತ್ತ ಬೊಟ್ಟು ಮಾಡಿತು. ಆಮೇಲೆ ಎಷ್ಟೋ ಬಾವಿಗಳನ್ನು ಮುಚ್ಚಿಸಲಾಯಿತು. ಚರ್ಚ್‌ಗೇಟ್ ಬಳಿ 1725ರ ಭಿಖಾ ಬೆಹ್ರಾಮ್ ಬಾವಿ ಇಂದಿಗೂ ಉಳಿದಿದೆ. ಪಾರ್ಸಿಗಳು ಅದನ್ನು ಶ್ರದ್ಧೆಯಿಂದ ನೋಡಿಕೊಂಡು ಬಂದಿದ್ದಾರೆ.

ನನ್ನ ಚಿಂತೆ ಈಗ ನೀರಿಗಿಂತ ಪಂಪ್ ರೂಮಿನದು. ನೆಲಮಾಳಿಗೆಯ ಆ ಕೋಣೆಗೆ ಕಿಟಕಿಯಿಲ್ಲ. ಕ್ಲೋರಿನ್ ಪುಡಿಯ ಡ್ರಮ್ಮು, ಆಸಿಡ್ಡಿನ ಕ್ಯಾನು ಎರಡೂ ಒಂದೇ ಮೂಲೆಯಲ್ಲಿವೆ. ಅವು ಬೆರೆತರೆ ಏಳುವುದು ವಿಷಗಾಳಿ. ಪುಡಿಯ ಮೇಲೆ ನೀರು ಸುರಿಯಬಾರದು, ನೀರಿಗೇ ಪುಡಿ ಹಾಕಬೇಕು ಎಂಬುದು ಇಂಡಿಯಿಂದ ಬಂದ ಅವರಿಗೆ ಗೊತ್ತು. ರಜೆಯಲ್ಲಿ ಅವರ ಬದಲಿಗೆ ಬರುವ ಹುಡುಗನಿಗೆ ಯಾರೂ ಹೇಳಿಕೊಟ್ಟಿಲ್ಲ. ಎಗ್ಸಾಸ್ಟ್ ಫ್ಯಾನ್, ಎರಡಕ್ಕೂ ಬೇರೆ ಬೇರೆ ಕಪಾಟು, ರಬ್ಬರ್ ಕೈಗವಸು, ಕಣ್ಣಿಗೆ ಕನ್ನಡಕ, ಗೋಡೆಯ ಮೇಲೆ ಕನ್ನಡ, ಮರಾಠಿ, ಹಿಂದಿಯಲ್ಲಿ ಸೂಚನೆ: ಇಷ್ಟನ್ನು ಬರೆದು ಕಮಿಟಿಗೆ ಕೊಟ್ಟಿದ್ದೇನೆ. ಭಾನುವಾರದ ಸಭೆಯಲ್ಲಿ ಅದು ಚರ್ಚೆಗೆ ಬರುತ್ತದೆ. ಖರ್ಚಿನ ಮಾತೆತ್ತುವವರಿಗೆ ಉತ್ತರ ಕೊಡಲು ಅಂಗಡಿಯಿಂದ ದರಪಟ್ಟಿಯನ್ನೂ ತರಿಸಿಟ್ಟಿದ್ದೇನೆ.