ಒಂದರಿಂದ ಐದರವರೆಗಿನ ಕ್ಯಾಂಪು

ಕಲ್ಯಾಣ, ಡೊಂಬಿವಲಿಯ ನಮ್ಮವರು ಮದುವೆ ಬಟ್ಟೆಗೋ ಸೋಫಾ ಸೆಟ್ಟಿಗೋ ಒಮ್ಮೆಯಾದರೂ ಉಲ್ಲಾಸನಗರಕ್ಕೆ ಹೋಗಿರುತ್ತಾರೆ. ಅಲ್ಲಿ ರಿಕ್ಷಾದವನು ಓಣಿಯ ಹೆಸರಿಗಿಂತ ಮೊದಲು ಕೇಳುವುದು ‘ಕ್ಯಾಂಪ್ ನಂಬರ್ ಎಷ್ಟು?’ ಎಂದು. ಪಿನ್‌ಕೋಡು ಕೂಡ 421001ರಿಂದ 421005ರವರೆಗೆ, ಕ್ಯಾಂಪಿನ ಸಂಖ್ಯೆಯಂತೆಯೇ ಮುಗಿಯುತ್ತದೆ.

ಯಾರ ಕ್ಯಾಂಪು? ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷರು ತಮ್ಮ ಸೈನಿಕರಿಗಾಗಿ ಇಲ್ಲಿ ಕಟ್ಟಿದ ‘ಕಲ್ಯಾಣ್ ಕ್ಯಾಂಪ್’. ಯುದ್ಧ ಮುಗಿಯಿತು, ದೇಶ ಒಡೆಯಿತು. ಖಾಲಿ ಬ್ಯಾರಕ್ಕುಗಳಿಗೆ ಸಿಂಧ್‌ನಿಂದ ಬಂದ ಸುಮಾರು ಒಂದು ಲಕ್ಷ ನಿರಾಶ್ರಿತರನ್ನು ತುಂಬಿಸಲಾಯಿತು. ಸಿಪಾಯಿಗಳು ಸಾಲಾಗಿ ಮಲಗುತ್ತಿದ್ದ ಉದ್ದನೆಯ ಹಾಲುಗಳಲ್ಲಿ ಗೋಣಿತಾಟಿನ ಪರದೆ ಕಟ್ಟಿಕೊಂಡು ಸಂಸಾರಗಳು ನಡೆದವು. 1949ರ ಆಗಸ್ಟ್ 8ರಂದು ಗವರ್ನರ್ ಜನರಲ್ ರಾಜಾಜಿ ಅಡಿಗಲ್ಲು ಹಾಕಿದಾಗ ಊರಿಗೆ ಹೆಸರು ಕೊಟ್ಟದ್ದು ಪಕ್ಕದ ಉಲ್ಹಾಸ್ ನದಿ. ಹಪ್ಪಳ, ಉಪ್ಪಿನಕಾಯಿಯಿಂದ ಜೀನ್ಸ್‌ವರೆಗೆ ಆ ಜನ ಮಾಡದ ವ್ಯಾಪಾರವಿಲ್ಲ. ‘ಮೇಡ್ ಇನ್ ಯುಎಸ್ಎ’ ಎಂದರೆ ಉಲ್ಲಾಸನಗರ್ ಸಿಂಧಿ ಅಸೋಸಿಯೇಷನ್ ಎಂಬ ಜೋಕು ಈ ಲೈನಿನಲ್ಲಿ ಹಳೆಯದು.

ದಂಡಿನಿಂದ ಊರು ಬೆಳೆಯುವುದು ಕನ್ನಡಿಗರಿಗೆ ಹೊಸತಲ್ಲ. ಬೆಂಗಳೂರಿನ ದಂಡು ಪ್ರದೇಶವೇ ಇದೆಯಲ್ಲ. ಕೊರಿಯಾದ ಡಾಂಗ್ಡುಚಾನ್ ಕೂಡ ಅಮೆರಿಕದ ಸೈನ್ಯ ನೆಲೆಯ ಸುತ್ತ ಬೆಳೆದ ಊರು. ಆದರೆ ಅದು ಬದುಕಿದ್ದು ಸೈನಿಕರ ಜೇಬಿನಿಂದ. ಅವರಲ್ಲಿ ಬಹುಪಾಲು ಬೇರೆಡೆಗೆ ಹೋದ ಮೇಲೆ ಅಂಗಡಿಗಳ ಷಟರ್ ಇಳಿಯತೊಡಗಿತು. ಉಲ್ಲಾಸನಗರ ಶುರುವಾದದ್ದೇ ಸೈನಿಕರು ಹೋದ ಮೇಲೆ.

ಕೇವಲ 13 ಚದರ ಕಿಲೋಮೀಟರಿನಲ್ಲಿ ಊರು ಮೇಲಕ್ಕೇ ಬೆಳೆಯಿತು, ಬಹಳಷ್ಟು ಪರವಾನಗಿಯಿಲ್ಲದೆ. ಅದನ್ನು ಸಕ್ರಮಗೊಳಿಸಲು 2006ರಲ್ಲಿ ಈ ಒಂದು ಊರಿಗಾಗಿಯೇ ಸರ್ಕಾರ ಕಾನೂನು ತಂದಿತು. 2021ರ ಮೇ ತಿಂಗಳಲ್ಲಿ ಸ್ಲ್ಯಾಬ್ ಕುಸಿದು ಜನ ಸತ್ತರು. ಕಾಗದದಲ್ಲಿ ಸಕ್ರಮವಾದರೆ ಕಾಂಕ್ರೀಟು ಗಟ್ಟಿಯಾಗುತ್ತದೆಯೇ?

ಇನ್ನೊಂದು ಕಥೆ ಹತ್ತಿರದ ನೇವಾಳಿಯದು. ಅದೇ ಯುದ್ಧಕಾಲದಲ್ಲಿ ವಿಮಾನ ಇಳಿಸಲು ಅಲ್ಲಿನ ರೈತರ ಹೊಲ ತೆಗೆದುಕೊಂಡರು. ಯುದ್ಧ ಮುಗಿದರೂ ಜಮೀನಿನ ಹಕ್ಕು ಮರಳಲಿಲ್ಲ. 2017ರ ಜೂನ್‌ನಲ್ಲಿ ನೌಕಾಪಡೆ ಆ ಜಾಗಕ್ಕೆ ಗೋಡೆ ಕಟ್ಟಲು ಹೊರಟಾಗ ಜನ ರಸ್ತೆಗಿಳಿದರು, ಪೊಲೀಸ್ ಗಾಡಿಗಳು ಉರಿದವು. ಕ್ಯಾಂಪಿನ ನೆಲದಲ್ಲಿ ಒಂದು ಲಕ್ಷ ಜನಕ್ಕೆ ಮನೆ ಸಿಕ್ಕಿತು, ನಿಜ. ನೇವಾಳಿಯವರು ಮಾತ್ರ ತಮ್ಮದೇ ಹೊಲವನ್ನು ಮೂರನೆಯ ತಲೆಮಾರಿನಲ್ಲೂ ಕೇಳುತ್ತಿದ್ದಾರೆ.