ಮಾತೆಂಬ ನ್ಯಾಸ

ಬಸರೀಕಟ್ಟೆಯೂ ಸೇರಿದಂತೆ ಕೊಪ್ಪ, ಶೃಂಗೇರಿ ಸೀಮೆಯ ಹಿರಿಯ ಕಲಾವಿದರನ್ನು ಮಾತನಾಡಿಸಿ ಬರೆದುಕೊಳ್ಳುವವರು ಮೊದಲು ತಾಳಮದ್ದಳೆಯ ಸ್ವರೂಪವನ್ನು ಅರಿಯಬೇಕು. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಹಾಡಿದ ಪದ್ಯಕ್ಕೆ ಅರ್ಥಧಾರಿಗಳು ಕುಳಿತಲ್ಲಿಯೇ, ಆ ಕ್ಷಣದಲ್ಲಿಯೇ ಮಾತು ಕಟ್ಟುತ್ತಾರೆ. ಈ ಕಲೆಯಲ್ಲಿ ಹೆಸರಾದ ಕರಾವಳಿಯ ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ವಾಲಿಯಾಗಿ ರಾಮನನ್ನು ಪ್ರಶ್ನಿಸಿದರೆಂದ ಮಾತ್ರಕ್ಕೆ ಅದು ಅವರ ಸ್ವಂತ ಮತವೆನ್ನಲಾದೀತೆ? (ವಿಮಲಸೂರಿಯ ‘ಪಉಮಚರಿಯ’ದಲ್ಲಿ ವಾಲಿಯು ರಾಜ್ಯವನ್ನು ಸುಗ್ರೀವನಿಗೊಪ್ಪಿಸಿ ದೀಕ್ಷೆ ವಹಿಸುವುದರಿಂದ ಜೈನ ಶ್ರೋತೃಗಳಿಗೆ ಆ ವಾದದ ಅಗತ್ಯವೇ ಬೀಳದು.)

ಪಾತ್ರದ ಮಾತನ್ನು ಕಲಾವಿದರ ಅಭಿಪ್ರಾಯವೆಂದು ಅಚ್ಚುಹಾಕುವುದು ಒಬ್ಬರ ಲೆಕ್ಕವನ್ನು ಇನ್ನೊಬ್ಬರ ಖಾತೆಗೆ ಬರೆದಂತೆ. ‘ತತ್ತ್ವಾರ್ಥಸೂತ್ರ’ದಲ್ಲಿ ಉಮಾಸ್ವಾಮಿ ಆಚಾರ್ಯರು ಸತ್ಯಾಣುವ್ರತದ ಐದು ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯನ್ನೂ ನ್ಯಾಸಾಪಹಾರವನ್ನೂ ಎಣಿಸಿರುವರು. ಮೊದಲನೆಯದು ಸುಳ್ಳು ಬರಹ. ಎರಡನೆಯದು, ಇಟ್ಟವರು ಮರೆತ ಠೇವಣಿಯನ್ನು ತನ್ನದಾಗಿಸಿಕೊಳ್ಳುವುದು. ವ್ಯಾಪಾರಿಗಳು ಇವನ್ನು ಹಣಕ್ಕೆ ಮಾತ್ರ ಅನ್ವಯಿಸಿಕೊಂಡು ನಿಶ್ಚಿಂತರಾಗಿರುವುದುಂಟು. ಆದರೆ ವೃದ್ಧ ಅರ್ಥಧಾರಿಗಳು ಜಗಲಿಯಲ್ಲಿ ಕುಳಿತು ನಂಬಿ ಆಡಿದ ಮಾತೂ ನ್ಯಾಸವೇ. ಏನು ಹೇಳಿದೆವೆಂಬುದನ್ನು ಅವರು ಮರೆತಿರಬಹುದು. ಧ್ವನಿಮುದ್ರಿಕೆ ಸಂದರ್ಶಕರ ಕೈಯಲ್ಲಿರುತ್ತದೆ. ಅಚ್ಚಿಗೆ ಮುನ್ನ ಬರಹವನ್ನು ಅವರಿಗೆ ಓದಿ ಕೇಳಿಸಿ, ವಾಲಿಯದು ಯಾವುದು, ತಮ್ಮದು ಯಾವುದು ಎಂದು ಅವರಿಂದಲೇ ಗುರುತು ಹಾಕಿಸಿಕೊಳ್ಳಬೇಕು; ಬೇಡವೆಂದುದನ್ನು, ಅದೆಷ್ಟೇ ಸ್ವಾರಸ್ಯಕರವಾಗಿರಲಿ, ಕೈಬಿಡಬೇಕು.