ಮಗಳ ಸಲುವಾಗಿ ಒಂದು ಮುಂಬೈ ಪಯಣ

ಮಿರಜಿನಿಂದ ಪಂಢರಪುರದ ಕಡೆ ಹೋಗುವ ರೈಲು ದಾರಿಯಲ್ಲಿದೆ ನಮ್ಮೂರು ಆರಗ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ. ಮಾರ್ಚ್ ಬಂತೆಂದರೆ ದ್ರಾಕ್ಷಿ ಕೊಯ್ಲಿನ ಗಡಿಬಿಡಿ. ಮೋಡ ಕಂಡರೆ ಎದೆ ಡವಡವ. ಆ ದಿನಗಳಲ್ಲಿ ನಾವು ಪ್ರವಾಸದ ಮಾತೇ ಎತ್ತುವುದಿಲ್ಲ. ಆದರೂ 2023ರ ಮಾರ್ಚ್‌ನಲ್ಲಿ ಮುಂಬೈಗೆ ಹೊರಟೆವು. ಅದೂ ಕ್ರಿಕೆಟ್ ನೋಡಲು!

ಕಾರಣ, ಹನ್ನೆರಡು ವರ್ಷದ ನಮ್ಮ ಮಗಳು. ಅಣ್ಣನ ಹಳೆಯ ಬ್ಯಾಟು ಹಿಡಿದು ಓಣಿಯ ಹುಡುಗರೊಡನೆ ಆಡುವವಳು. ಸಾಂಗಲಿಗೆ ತರಬೇತಿಗೆ ಕಳಿಸಿರೆಂದು ಅವಳ ಹಟ. "ನೋಡೋಣ" ಎನ್ನುತ್ತ ಎರಡು ವರ್ಷ ತಳ್ಳಿದ್ದೆವು. ಇದನ್ನೇ ಮಗ ಕೇಳಿದಾಗ ನಾವು ಎರಡು ದಿನವೂ ಯೋಚಿಸಿರಲಿಲ್ಲ.

ಸಾಂಗಲಿಗೆ ಕ್ರಿಕೆಟ್ ಹೊಸದಲ್ಲ. 1952ರಲ್ಲಿ ಭಾರತ ಮೊದಲ ಟೆಸ್ಟ್ ಗೆದ್ದಾಗ ನಾಯಕರಾಗಿದ್ದ ವಿಜಯ್ ಹಜಾರೆ 1915ರಲ್ಲಿ ಅಲ್ಲಿಯೇ ಕ್ರೈಸ್ತ ಮನೆತನವೊಂದರಲ್ಲಿ ಹುಟ್ಟಿದವರು. ಅಣ್ಣನ ಆಟ ನೋಡಿ ಬ್ಯಾಟು ಹಿಡಿದ ಸ್ಮೃತಿ ಮಂಧಾನಾ ಬೆಳೆದದ್ದೂ ಸಾಂಗಲಿಯಲ್ಲೇ. ಮೊದಲ ಮಹಿಳಾ ಪ್ರೀಮಿಯರ್ ಲೀಗ್ ಆ ವರ್ಷ ಮಾರ್ಚ್ 4ರಿಂದ 26ರವರೆಗೆ ಮುಂಬೈ ಮತ್ತು ನವಿ ಮುಂಬೈಯಲ್ಲಿ ನಡೆಯಿತು. ಬೆಂಗಳೂರು ತಂಡಕ್ಕೆ ಸ್ಮೃತಿಯವರೇ ನಾಯಕಿ. ಹೆಂಗಸರಿಗೂ ಹುಡುಗಿಯರಿಗೂ ಪ್ರವೇಶ ಉಚಿತ.

ಕ್ಯಾಲೆಂಡರ್ ಮುಂದಿಟ್ಟುಕೊಂಡು ಕುಳಿತೆವು. ಶುಕ್ರವಾರ ರಾತ್ರಿ ಮಿರಜಿನಲ್ಲಿ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ಹತ್ತುವುದು. ಶನಿವಾರ, 18ರ ಸಂಜೆ ಬ್ರೇಬೋರ್ನ್ ಮೈದಾನದಲ್ಲಿ ಆಟ. ಭಾನುವಾರ ಬಲಿಪೂಜೆ ಮುಗಿಸಿ ರಾತ್ರಿ ಗಾಡಿಗೆ ವಾಪಸು. ಊಟದ ಖರ್ಚು ಉಳಿಸಲು ಸಜ್ಜೆ ರೊಟ್ಟಿ, ಶೇಂಗಾ ಚಟ್ನಿಯ ಗಂಟು. "ತಪಸ್ಸುಕಾಲದಾಗ ಆಟ ನೋಡಾಕ ಹೋಗೂದೇನ?" ಎಂದು ನಾವೇ ಹಿಂಜರಿದೆವು. ಅಜ್ಜಿ ಎಂದರು: "ಹುಡುಗಿಗಿ ದಾರಿ ತೋರ್ಸೂದೂ ಒಂದ ದಾನಾನ ಐತಿ. ನಾನೂ ಬರ್ತೀನಿ. ಸಮುದ್ರ ನೋಡಿಲ್ಲ."

ಅಷ್ಟರಲ್ಲಿ ಬೆಂಗಳೂರು ತಂಡ ಸತತ ಐದು ಪಂದ್ಯ ಸೋತಿತು. "ಸೋಲೂದ ನೋಡಾಕ ಅಷ್ಟ ದೂರ ಯಾಕ?" ಎಂದೆವು. ಮಗಳು ತಲೆ ತಗ್ಗಿಸಿ, "ನಾನೂ ದಿನಾ ಔಟ್ ಆಗ್ತೀನಲ್ಲ, ಮರುದಿನ ಹೋಗೂದಿಲ್ಲೇನು?" ಎಂದಳು. ನಮಗೆ ಉತ್ತರ ಹೊಳೆಯಲಿಲ್ಲ. 15ರಂದು ತಂಡಕ್ಕೆ ಮೊದಲ ಗೆಲುವು ಬಂತು. ಇನ್ನು ತೋಟದ ಚಿಂತೆ. "ನಾನು ಕಾಕಾನ ಜೋಡಿ ಇರ್ತೀನಿ. ಈ ಸಲ ತಂಗಿ ಹೋಗ್ಲಿ" ಎಂದ ಮಗ.

ಶನಿವಾರ ಮಧ್ಯಾಹ್ನ ಮರೀನ್ ಡ್ರೈವ್‌ನ ಕಟ್ಟೆಯ ಮೇಲೆ ಕುಳಿತು ರೊಟ್ಟಿ ಬಿಚ್ಚಿದೆವು. ಅಜ್ಜಿ ಬಹಳ ಹೊತ್ತು ಮಾತಾಡದೆ ಸಮುದ್ರವನ್ನೇ ನೋಡಿದರು. ಸಂಜೆ ಗುಜರಾತ್ ತಂಡ 188 ರನ್ ಗಳಿಸಿದಾಗ ನಮ್ಮ ಮುಖ ಬಾಡಿತು. ಆಮೇಲೆ ಬೆಂಗಳೂರಿನ ಸೋಫಿ ಡಿವೈನ್ ಕೇವಲ 36 ಎಸೆತಗಳಲ್ಲಿ 99 ಹೊಡೆದು ಔಟಾದರು. ಒಂದು ರನ್ನಿಗೆ ಶತಕ ತಪ್ಪಿತೆಂದು ಮಗಳ ಕಣ್ಣಲ್ಲಿ ನೀರು. "ಯಾಕ ಅಳ್ತಿ? ಮಂದಿ ಚಪ್ಪಾಳಿ ಹೊಡ್ಯಾಕತ್ತಾರ ನೋಡು" ಎಂದು ಅಜ್ಜಿ ಅವಳ ಬೆನ್ನು ಸವರಿದರು. ಬೆಂಗಳೂರು ಎಂಟು ವಿಕೆಟ್‌ಗಳಿಂದ ಗೆದ್ದಿತು.

ನಮ್ಮ ಸುತ್ತ ತಾಯಂದಿರು, ಶಾಲೆಯ ಹುಡುಗಿಯರು. ಹುಡುಗಿಯ ಆಟ ನೋಡಲು ಇಷ್ಟು ಜನ ಬರುತ್ತಾರೆ. ನಾವು ಮಾತ್ರ ನಮ್ಮ ಓಣಿಯಲ್ಲಿ ಆಡುವ ನಮ್ಮ ಮಗಳನ್ನು ಒಮ್ಮೆಯೂ ನಿಂತು ನೋಡಿರಲಿಲ್ಲ. ಆ ನಾಚಿಕೆಯನ್ನು ಹೊತ್ತುಕೊಂಡೇ ಗಾಡಿ ಹತ್ತಿದೆವು.

ಸೋಮವಾರ ಬೆಳಿಗ್ಗೆ ಮಿರಜಿನಲ್ಲಿ ಇಳಿದಾಗ ಅವಳಿನ್ನೂ ನಿದ್ದೆಗಣ್ಣಿನಲ್ಲಿದ್ದಳು. ತರಬೇತಿಗೆ ಹೆಸರು ಹಚ್ಚಲು ಯಾವಾಗ ಹೋಗೋಣವೆಂದು ಈ ಸಲ ನಾವೇ ಕೇಳಿದೆವು. ನಿದ್ದೆ ಪೂರ್ತಿ ಹಾರಿಹೋಯಿತು!